ಸೋಮವಾರದ ಗಾಲಿ

ಮಾಸ್ತರಿಕೆಯಲ್ಲಿ ಹೆಚ್ಚು ಉಸಿರು ಖರ್ಚಾಗುವುದು ಪಾಠ ಹೇಳುವುದಕ್ಕೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ಸುಳ್ಳು. ಹೆಚ್ಚು ಉಸಿರು ಹೋಗುವುದು ಮಕ್ಕಳ ಆಟ ಬಿಡಿಸುವುದಕ್ಕೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸಾಲೆಗಳಲ್ಲಿ ನಾನು ಹರೆಯ ಕಳೆದು ಮುದುಕನಾದವನು. "ಆಟ ಸಾಕು, ಒಳಗ ನಡೀರಿ" ಎಂಬ ಒಂದು ಮಾತನ್ನು ನಾನು ಎಷ್ಟು ಸಲ ಆಡಿದ್ದೇನೋ, ನನ್ನ ಹೆಂಡತಿಯ ಹೆಸರನ್ನೂ ಅಷ್ಟು ಸಲ ಕರೆದಿರಲಿಕ್ಕಿಲ್ಲ. ಇಂಥ ನಾನು ಒಂದು ಸೋಮವಾರ ಇಳಿಹೊತ್ತಿನಲ್ಲಿ ಸಾಲೆಯ ಅಂಗಳದಲ್ಲಿ ನಿಂತು, ಮಕ್ಕಳ ಎದುರು ಹೆಚ್ಚುಕಡಿಮೆ ಕೈ ಜೋಡಿಸಿ, "ಸ್ವಲ್ಪ ಆಡ್ರಪ್ಪಾ, ನಿಮಗ ಪುಣ್ಯ ಬರ್ತದ" ಎಂದು ಬೇಡಿಕೊಂಡೆ. ಮಕ್ಕಳು ಆಡಲಿಲ್ಲ. ಈ ಸೀಮೆಯಲ್ಲಿ ಇನ್ಯಾವ ಮಾಸ್ತರನಿಗೂ ಇಂಥ ಗತಿ ಬಂದದ್ದನ್ನು ನಾನು ಕೇಳಿಲ್ಲ. ಬಂದಿದ್ದರೂ ಅವರು ಹೇಳಿಕೊಂಡಿರಲಾರರು.

ಎಂಬತ್ತರ ದಶಕದ ಮಾತು. ನಾನಾಗ ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿದ್ದೆ. ಊರ ಹೆಸರು ಬೇಡ. ಅಲ್ಲಿಯವರಿಗೆ ಗೊತ್ತಾದರೆ ಗಾಡಿ ಕಟ್ಟಿಕೊಂಡು ಜಗಳಕ್ಕೆ ಬಂದಾರು, ಸೋಮವಾರ ಒಂದನ್ನು ಬಿಟ್ಟು. ಸಾಲೆ ಎಂದರೆ ಪರಸಿ ಕಲ್ಲು ಹೊದಿಸಿದ ಎರಡು ಕೋಣೆ, ಮುಂದೊಂದು ಬೇವಿನ ಮರ. ಮಾಸ್ತರರು ಎಂದರೆ ನಾನು, ಮತ್ತು ಸದಾ ರಜೆಯ ಮೇಲಿರುವ ಇನ್ನೊಬ್ಬರು. ಕರೆಂಟಿನ ಕಂಬಗಳು ಊರ ಅಗಸಿ ಬಾಗಿಲ ತನಕ ಬಂದು, ಒಂದೆರಡು ಮನೆಗಳಿಗೂ ಹೊಲದ ಪಂಪುಗಳಿಗೂ ತಂತಿ ಕೊಟ್ಟು, ಸಾಲೆಯನ್ನು ಕಂಡು ಹಿಂದಕ್ಕೆ ಸರಿದಿದ್ದವು. ಕರೆಂಟಿನ ಆಫೀಸಿಗೆ ಕೇಳಲು ಹೋದರೆ, ಹಗಲು ನಡೆಯುವ ಸಾಲೆಗೆ ದೀಪ ಯಾಕ್ರಿ ಎಂದರು. ಕೇಳುವವರಿಗೆ ಅದು ಸರಿಯೇ. ಆದರೆ ಜೋಳದ ರಾಶಿಯ ಕಾಲದಲ್ಲಿ ಏಳನೆಯ ಇಯತ್ತೆಯ ಮಕ್ಕಳು ಹಗಲು ಕಾಣಿಸುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೊಲದಿಂದ ಬಂದು, ಕೈಕಾಲು ತೊಳೆದುಕೊಂಡು, "ಸರ, ಈಗ ಹೇಳ್ರಿ" ಎಂದು ಕೂಡುತ್ತಿದ್ದರು. ಏಳನೆತ್ತೆಗೆ ಪಬ್ಲಿಕ್ ಪರೀಕ್ಷೆ ಇತ್ತು. ಅದು ಯಾರ ರಾಶಿಗೂ ಕಾಯುತ್ತಿರಲಿಲ್ಲ.

ಆ ತರಗತಿಯಲ್ಲಿ ನೀಲಮ್ಮ ಎಂಬ ಹುಡುಗಿ ಇದ್ದಳು. ದೊಡ್ಡ ಒಕ್ಕಲುತನದ ಗುರುಲಿಂಗಪ್ಪನವರ ಮೊಮ್ಮಗಳು. ಗುರುಲಿಂಗಪ್ಪನವರನ್ನು ಊರೆಲ್ಲ ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿತ್ತು, ಅವರಿಗಿಂತ ವಯಸ್ಸಾದವರೂ ಕೂಡ. ಕೊರಳಲ್ಲಿ ಲಿಂಗ, ತಲೆಗೆ ಹಳದಿ ರುಮಾಲು, ಬಾಯಲ್ಲಿ ಯಾವಾಗಲೂ ಒಂದು ತೀರ್ಪು. ಅವರ ಮಗಳನ್ನು ಅಕ್ಕಲಕೋಟೆಯ ಕಡೆ ಕೊಟ್ಟಿತ್ತು. ಆಕೆ ತನ್ನ ಮಗನಿಗೆ ನೀಲಮ್ಮನನ್ನೇ ತಂದುಕೊಳ್ಳಬೇಕೆಂದು ಹಟ ಹಿಡಿದಿದ್ದಳು. ಹುಡುಗಿಗೆ ಓದುವ ಆಸೆ. ಮುತ್ಯಾ ಎರಡೂ ಕಡೆ ಕೇಳಿ ತೀರ್ಪು ಹೇಳಿಬಿಟ್ಟಿದ್ದರು: ಏಳನೆತ್ತೆ ಪಾಸಾದರೆ ಕರಜಗಿಯ ಹೈಸ್ಕೂಲಿಗೆ, ನಪಾಸಾದರೆ ಅತ್ತೆಯ ಮನೆಗೆ. ಇನ್ನೂ ಲಂಗ ಉಡುವ ಹುಡುಗಿ, ಹೀಗೆ ಮಾಡಬಾರದು, ಕಾಯ್ದೆ ಇದೆ ಎಂದು ನಾನು ಹೇಳಹೋದೆ. ಕಾಯ್ದೆ ಕಲಬುರ್ಗಿಯೊಳಗ ಅದರಿ, ಇಲ್ಲೀತನ ಬಸ್ ಇಲ್ಲ ಎಂದು ಅವರು ನಕ್ಕರು. ಅಷ್ಟಕ್ಕೂ ಅವರು ಕೆಟ್ಟವರಲ್ಲ. ಮೊಮ್ಮಗಳ ಮೇಲೆ ಜೀವ ಇಟ್ಟವರೇ. ಆದರೆ ಕೊಟ್ಟ ಮಾತನ್ನು ಮೊಮ್ಮಗಳಿಗಿಂತ ಒಂದು ಕೈ ಮೇಲೆ ಇಟ್ಟಿದ್ದರು.

ನೀಲಮ್ಮನಿಗೆ ಕನ್ನಡ, ಸಮಾಜ ಯಾವುದರ ಭಯವೂ ಇರಲಿಲ್ಲ. ಗಣಿತ ಮಾತ್ರ ಕೈ ಕೊಡುತ್ತಿತ್ತು. ಓದಲಿಕ್ಕೆ ಹೊತ್ತೂ ಇರಲಿಲ್ಲ, ಬೆಳಕೂ ಇರಲಿಲ್ಲ. ಬೆಳಿಗ್ಗೆ ನೀರು, ಸಗಣಿ, ಹಗಲು ಹೊಲ, ಸಂಜೆ ಕರೆಂಟಿಲ್ಲದ ಆ ಮನೆಯ ಒಂದೇ ಒಂದು ಚಿಮಣಿ ದೀಪ ಅಡಿಗೆಯ ಒಲೆಯಿಂದ ದನದ ಕೊಟ್ಟಿಗೆಗೆ, ಅಲ್ಲಿಂದ ಊಟದ ಪಡಸಾಲೆಗೆ ಓಡಾಡುತ್ತಿತ್ತು. ಅದರ ಹಿಂದೆ ಪುಸ್ತಕ ಹಿಡಿದು ಓಡಾಡಲು ಬರುತ್ತದೆಯೆ?

ಒಂದು ದಿನ ನಾನು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಪಂಕ್ಚರ್ ತೆಗೆಯುತ್ತಿದ್ದೆ. ಮಕ್ಕಳು ಸುತ್ತ ನೆರೆದು, ಹಿಂದಿನ ಗಾಲಿಯನ್ನು ಸುಮ್ಮನೆ ತಿರುಗಿಸಿ ತಿರುಗಿಸಿ, ಡೈನಮೊದ ದೀಪ ಹೊತ್ತಿದ್ದು ಕಂಡು ಕೇಕೆ ಹಾಕಿದರು. ಬೈಯಲು ಬಾಯಿ ತೆರೆದವನು ಹಾಗೇ ಕುಳಿತೆ. ಇಷ್ಟೊಂದು ಕೈಕಾಲಿನ ಕಸುವು ದಿನಾ ಬೇವಿನ ಮರದ ಕೆಳಗೆ ಸುಮ್ಮನೆ ಚೆಲ್ಲಿಹೋಗುತ್ತಿದೆಯಲ್ಲ ಎನ್ನಿಸಿತು. ಮಕ್ಕಳು ಕೂತು ಗರಗರ ತಿರುಗುವ ಒಂದು ಆಟದ ಗಾಲಿ ಮಾಡಿದರೆ, ಅದಕ್ಕೆ ಡೈನಮೊ ಹಚ್ಚಿದರೆ, ಹಗಲಿನ ಆಟ ಸಂಜೆಗೆ ದೀಪವಾಗಬಹುದು. ಈ ವಿಚಾರ ಬಂದ ಮೇಲೆ ನನಗೆ ನನ್ನ ಮೇಲೆಯೇ ಗೌರವ ಹೆಚ್ಚಿತು. ಮನೆಯಲ್ಲಿ ಹೇಳಿದೆ. ನನ್ನಾಕೆ ಗಿರಿಜಾ, ಮೊದಲು ಆ ಪಂಕ್ಚರ್ ತೆಗೀರಿ, ಸಂತೆಗೆ ಹೋಗೂದದ ಎಂದಳು.

ಗಾಲಿ ಮುತ್ಯಾನ ಹಿತ್ತಲಲ್ಲಿತ್ತು. ಅವರ ಹಳೆಯ ಗಾಡಿ ಹಳ್ಳದಲ್ಲಿ ಮಗುಚಿ ಒಂದು ಗಾಲಿ ಮುರಿದು, ಇನ್ನೊಂದು ಗೋಡೆಗೆ ಒರಗಿ ನಿಂತಿತ್ತು. ಕೇಳಿದೆ. ಮುತ್ಯಾ ಅದರ ಮೇಲೆ ಕೈಯಾಡಿಸಿ, ಮಕ್ಕಳು ಆಡುವುದಾದರೆ ಒಯ್ಯಿರಿ ಎಂದರು. ನಾನು ಗಾಲಿ ಉರುಳಿಸಿಕೊಂಡು ಬಾಗಿಲ ತನಕ ಬಂದಾಗ ಹಿಂದಿನಿಂದ ಕರೆದು ನಿಲ್ಲಿಸಿದರು.

"ಮಾಸ್ತರ್ರ, ಸೋಮವಾರ ನಮ್ಮ ಮನ್ಯಾಗ ಎತ್ತಿನ ಕೊರಳಿಗಿ ನೊಗ ಇಡಂಗಿಲ್ಲ. ಈ ಗಾಲಿನೂ ನಮ್ಮ ಮನೀದೇ. ಸೋಮವಾರ ಇದನ್ನ ದುಡಿಸಬ್ಯಾಡ್ರಿ."

ಹೌದ್ರಿ ಎಂದೆ. ಸೋಮವಾರದ ವಿಷಯ ನನಗೆ ಹೇಳಿಕೊಡಬೇಕೆ? ನನ್ನ ಊರು ಆಳಂದ ತಾಲೂಕಿನ ಮಾದನಹಿಪ್ಪರಗಾ. ನಮ್ಮದು ಕಿರಾಣಿ ಅಂಗಡಿಯ ಮನೆ. ಸೋಮವಾರ ಎತ್ತು ಬಸವಣ್ಣನ ಪಾಲು, ಹಾಗಾಗಿ ಹಳ್ಳಿಗಳ ಗಾಡಿ ಬರುವುದಿಲ್ಲ, ವ್ಯಾಪಾರ ಇಲ್ಲ ಎಂದು ಅಪ್ಪ ಗದ್ದಿಗೆಯ ಮೇಲೆ ಆಕಳಿಸುತ್ತ ಕೂಡುವುದನ್ನು ನೋಡುತ್ತಲೇ ಬೆಳೆದವನು ನಾನು. ಅಂಗಡಿಯಿಂದ ನೋಡಿದರೆ ಸೋಮವಾರ ಎಂದರೆ ಇಷ್ಟೇ: ಗಾಲಿ ತಿರುಗುವುದಿಲ್ಲ. ಅದನ್ನೇ ನಾನು ತಲೆಯಲ್ಲಿಟ್ಟುಕೊಂಡು ಬಂದಿದ್ದೆ.

ನೆಲದಲ್ಲಿ ಅಚ್ಚು ಹುಗಿದು, ಗಾಲಿಯನ್ನು ಅಡ್ಡ ಮಲಗಿಸಿ, ಮೇಲೆ ಹಲಗೆ ಬಡಿಸಿದೆವು. ಕಬ್ಬಿಣದ ಹಳಿಗೆ ಹಳೆ ಟಾಯರಿನ ಪಟ್ಟಿ ಸುತ್ತಿ ಅದಕ್ಕೆ ತಾಗುವಂತೆ ಸೈಕಲ್ ಡೈನಮೊಗಳನ್ನು ನಿಲ್ಲಿಸಿದೆ. ಅಫಜಲಪುರದ ರೇಡಿಯೊ ರಿಪೇರಿಯವನು ಕರೆಂಟು ಬ್ಯಾಟರಿಯೊಳಕ್ಕೆ ಹೋಗುವಂತೆ ಏನೋ ಒಂದು ಕೂಡಿಸಿ ಕೊಟ್ಟ. ಬ್ಯಾಟರಿ ಮೋಟರ್ ಸೈಕಲ್ಲಿನದು, ಮುದಿ. ಅಂದಂದಿನ ಗಳಿಕೆ ಅಂದಂದಿಗೇ ತೀರುತ್ತಿತ್ತು. ನಾಳೆಗೆ ಎಂದು ಏನೂ ಉಳಿಸಿಕೊಳ್ಳುತ್ತಿರಲಿಲ್ಲ. ಮೊದಲ ದಿನ ಮಕ್ಕಳು ಹೊತ್ತು ಮುಳುಗುವ ತನಕ ಆಡಿ ಆಡಿ ತಲೆ ತಿರುಗಿ ಬಿದ್ದರು. ಕೋಣೆಯಲ್ಲಿ ಗುಂಡಿ ಒತ್ತಿದೆ. ಹಳದಿ ಬೆಳಕು ಬಂತು. ಸಣ್ಣದು, ಸುತ್ತ ಒತ್ತಿಕೊಂಡು ಕೂತರೆ ಅಕ್ಷರ ಕಾಣುವಷ್ಟು. ನೀಲಮ್ಮ ಪುಸ್ತಕ ತೆರೆಯಲಿಲ್ಲ, ಬಲ್ಬನ್ನೇ ನೋಡುತ್ತ ಕೂತಳು. ಆಮೇಲೆ, "ಇದು ಹೊಗಿ ಬಿಡಂಗಿಲ್ಲಲ್ರಿ ಸರ" ಎಂದಳು.

ಕೆಲವು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಸುಸೂತ್ರವಾಗಿ ನಡೆಯುವುದನ್ನು ಇನ್ನೂ ಸುಧಾರಿಸುವುದು ಓದಿದವರ ಚಟ. ಒಂದು ಸಂಜೆ ಬೆಳಕು ಸ್ವಲ್ಪ ಮಂಕಾಯಿತು, ಆ ದಿನ ಮಕ್ಕಳು ಗಾಲಿ ಬಿಟ್ಟು ಚಿಣಿಪಣಿ ಆಡಿದ್ದರು. ಹೀಗೆ ಬಿಟ್ಟರೆ ಆಗದು ಎಂದು ನಾನು ವೇಳಾಪಟ್ಟಿ ಹಾಕಿದೆ. ಮೂರನೆತ್ತೆಗೆ ಬೆಳಗಿನ ಗಂಟೆ, ನಾಲ್ಕನೆತ್ತೆಗೆ ಊಟದ ನಂತರ, ಐದನೆತ್ತೆಗೆ ಸಾಲೆ ಬಿಡುವ ಮೊದಲು. ಯಾರು ನೂಕಬೇಕು, ಯಾರು ಕೂಡಬೇಕು, ಎಡಕ್ಕೋ ಬಲಕ್ಕೋ, ಎಲ್ಲ ನಾನೇ ನಿಶ್ಚಯಿಸಿದೆ. ಬೆತ್ತ ಹಿಡಿದು ಮರದ ಕೆಳಗೆ ನಿಂತು, ನಗಬೇಡಿ, ನಕ್ಕರೆ ವೇಗ ಕಡಿಮೆಯಾಗುತ್ತದೆ ಎಂದೂ ಹೇಳಿದೆ. ಮಕ್ಕಳ ಮೋರೆ ದಿನದಿನಕ್ಕೆ ಇಳಿಯುತ್ತ ಬಂತು. ಮೂರನೆತ್ತೆಯಲ್ಲಿ ಹೊಟ್ಟೆನೋವು ಹೆಚ್ಚಿತು. ಗಾಲಿಯ ಗಂಟೆ ತಪ್ಪಿಸಲು ಒಬ್ಬಳು ತಾನಾಗಿಯೇ ಮಗ್ಗಿ ಒಪ್ಪಿಸಲು ಬಂದಳು. ಅದು ನನಗೆ ಶಿಕ್ಷಣದ ಪ್ರಗತಿಯಂತೆ ಕಂಡಿತು.

ಸೋಮವಾರದ ಮಾತನ್ನೂ ನಾನು ಮರೆಯಲಿಲ್ಲ. ಮರೆಯದಿರುವುದಷ್ಟೇ ಅಲ್ಲ, ನಾಳೆ ಯಾರೂ ಬೆರಳು ತೋರಿಸಬಾರದೆಂದು ಒಂದು ಸರಪಳಿ ತಂದು, ಪ್ರತಿ ಸೋಮವಾರ ಬೆಳಿಗ್ಗೆ ಗಾಲಿಯನ್ನು ಬೇವಿನ ಮರಕ್ಕೆ ಕಟ್ಟಿ ಬೀಗ ಹಾಕುತ್ತಿದ್ದೆ. ಮಕ್ಕಳಿಗೆ ಪರಮಾನಂದ. ಏಳನೆತ್ತೆಗೆ ಮಾತ್ರ ಆ ಸಂಜೆ ಕತ್ತಲೆ. ನೀಲಮ್ಮ ಅಜ್ಜನ ಅಪ್ಪಣೆ ಎಂದು ಸುಮ್ಮನಿರುತ್ತಿದ್ದಳು. ಮುತ್ಯಾ ಸೋಮವಾರ ನದಿ, ಮಠ ಎಂದು ಆ ಕಡೆಯೇ ಇರುವವರು, ಸಾಲೆಯತ್ತ ಬರುತ್ತಿರಲಿಲ್ಲ.

ನೀಲಮ್ಮನ ಗಣಿತದ ರೋಗವೂ ಅಷ್ಟರಲ್ಲಿ ಪತ್ತೆಯಾಗಿತ್ತು. ಇಷ್ಟು ಆಳು ಇಷ್ಟು ದಿನದಲ್ಲಿ ಒಂದು ಹೊಲ ಕೊಯ್ದರೆ ಅಷ್ಟು ಆಳು ಎಷ್ಟು ದಿನದಲ್ಲಿ ಕೊಯ್ಯುತ್ತಾರೆ ಎಂಬ ಜಾತಿಯ ಲೆಕ್ಕಗಳು ಅವಳಿಗೆ ಎಂದೂ ಕೂಡಿಬರುತ್ತಿರಲಿಲ್ಲ. ದಾರಿಯೆಲ್ಲ ಸರಿ, ಉತ್ತರ ಮಾತ್ರ ತಪ್ಪು. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಹುಡುಗಿ ನಡುವೆ ಬರುವ ಸೋಮವಾರಗಳನ್ನೆಲ್ಲ ತೆಗೆದುಬಿಡುತ್ತಿದ್ದಳು. ಲೆಕ್ಕದಲ್ಲಿ ಸೋಮವಾರ ಇಲ್ಲವ್ವಾ ಎಂದು ಹೇಳಿದೆ. ಅಂಥ ಊರು ಎಲ್ಲಿ ಅದರಿ ಎಂದು ಕೇಳಿದಳು. ಒಪ್ಪಿದಂತೆ ತಲೆಯಾಡಿಸಿದರೂ ಅವಳ ಕೈ ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ದಿನಾ ಕೂತು ತಿದ್ದುತ್ತಿದ್ದೆ, ಸೋಮವಾರ ಒಂದನ್ನು ಬಿಟ್ಟು.

ಗಣಿತದ ಪರೀಕ್ಷೆ ಮಂಗಳವಾರ ಬಿತ್ತು. ಹಿಂದಿನ ದಿನ ಸೋಮವಾರ. ಬೆಳಿಗ್ಗೆ ಎದ್ದಾಗಿನಿಂದ ನನಗೆ ಸಮಾಧಾನವಿಲ್ಲ. ಸಂಜೆ ಒಂದು ತಾಸು ಬೆಳಕು ಸಿಕ್ಕರೆ ಹುಡುಗಿ ಉಳಿಯುತ್ತಾಳೆ, ಇಲ್ಲದಿದ್ದರೆ ಅಕ್ಕಲಕೋಟೆ. ಆದರೂ ಮಾತು ಮಾತೇ ಎಂದು ಹಲ್ಲು ಕಚ್ಚಿ ಸರಪಳಿ ಬಿಗಿದೆ. ಇಳಿಹೊತ್ತಿಗೆ, ನಾಳೆ ಮಕ್ಕಳನ್ನು ಕರಜಗಿಗೆ ಒಯ್ಯಲು ಗಾಡಿ ಎಷ್ಟೊತ್ತಿಗೆ ಕಟ್ಟಬೇಕೆಂದು ಕೇಳಲು ಮುತ್ಯಾ ಸಾಲೆಗೆ ಬಂದರು. ಬಂದವರು ಗಾಲಿಯ ಹತ್ತಿರ ನಿಂತರು. ಬಗ್ಗಿ ಬೀಗ ಹಿಡಿದು ನೋಡಿದರು. ಇದೇನು ಎಂದು ಕೇಳಿದರು. ನಿಮ್ಮ ಸೋಮವಾರವೇ ಎಂದು ನಾನು ಸ್ವಲ್ಪ ಬಿರುಸಾಗಿಯೇ ಹೇಳಿದೆ.

ಮುತ್ಯಾ ಬೀಗ ಕೈಬಿಟ್ಟು ನೆಟ್ಟಗೆ ನಿಂತರು. "ಸೋಮವಾರ ಎತ್ತಿನ ಕಣ್ಣಿ ಬಿಚ್ಚತೇವ್ರಿ, ಮಾಸ್ತರ್ರ. ಅದು ತನ್ನ ಮನಸಿಗಿ ಬಂದಂಗ ತಿರಗತದ, ಹೊಳ್ಯಾಗ ಬೀಳತದ, ಜಿಗದಾಡತದ. ನೀವು ಕಟ್ಟಿ ಹಾಕೀರಲ್ಲ. ಹುಡುಗ್ರು ಆಡಿದ್ರ ದುಡಿಮಿ ಹ್ಯಾಂಗಾಗತದ?"

ಅವರು ಬೇಡವೆಂದದ್ದು ನೊಗ, ನಾನು ನಿಲ್ಲಿಸಿದ್ದು ಆಟ. ವಾರವೆಲ್ಲ ದುಡಿಸಿ, ಬಿಡಬೇಕಾದ ದಿನ ಬೀಗ ಜಡಿದಿದ್ದೆ. ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಆ ಬೆಳಿಗ್ಗೆಯೇ ನಾನು ಹೊಳೆಯ ಕಡೆ ಹೋದಾಗ ಕಂಡದ್ದು ನೆನಪಾಯಿತು: ಸೋಮವಾರವೆಂದು ಬಿಡುವು ಪಡೆದ ಎತ್ತುಗಳು ನೀರಲ್ಲಿ ನಿಂತಿದ್ದವು, ಅವುಗಳ ಮೈ ತಿಕ್ಕುತ್ತ ಇದ್ದವಳು ನೀಲಮ್ಮ.

"ಎತ್ತಿಗಿ ವಾರಕ್ಕೊಮ್ಮಿ ಕಣ್ಣಿ ಬಿಚ್ಚತೀರಿ, ಖರೇ" ಎಂದೆ. "ನೀಲಮ್ಮಗ ಎಂದ ಬಿಚ್ಚತೀರಿ?"

ಮುತ್ಯಾನ ಬಾಯಲ್ಲಿ ಮೊದಲ ಸಲ ತೀರ್ಪು ಇರಲಿಲ್ಲ. ರುಮಾಲು ತೆಗೆದು ತಲೆ ಒರೆಸಿಕೊಂಡು ಮನೆಯ ಕಡೆ ನಡೆದರು. ನಾನು ಬೀಗ ತೆಗೆದೆ. ಸರಪಳಿ ಎಳೆದು ಬಿಸಾಕಿ ಮಕ್ಕಳನ್ನು ಕರೆದು, ಆಡಿರಿ ಎಂದೆ. ಅವರು ದೂರದಲ್ಲೇ ನಿಂತರು. ಇವತ್ತು ನಮ್ಮ ಪಾಳಿ ಅಲ್ಲರಿ ಎಂದಿತು ಮೂರನೆತ್ತೆ. ಸೋಮವಾರ ಸೂಟಿ ಅದರಿ ಎಂದಿತು ಐದನೆತ್ತೆ. ಇದು ಪಾಳಿಯಲ್ಲ, ಆಟ ಎಂದು ವಿವರಿಸಿದೆ. ಮೊದಲೂ ಆಟ ಅಂತಲೇ ಹೇಳಿದ್ದಿರಿ ಎಂಬಂತೆ ನೋಡಿದರು. ಆಗ ನಾನು ಮೊದಲು ಹೇಳಿದ ಹಾಗೆ ಬೇಡಿಕೊಂಡದ್ದು. ಉದಾಹರಣೆಗೆ ಇರಲಿ ಎಂದು ನಾನೇ ಹಲಗೆಯ ಮೇಲೆ ಕೂತು ಕಾಲಿನಿಂದ ನೂಕಿಕೊಂಡು ಅರ್ಧ ಸುತ್ತು ತಿರುಗಿದೆ, ಧೋತರ ಹಳಿಗೆ ಸಿಕ್ಕಿತು. ಯಾರೂ ನಗಲಿಲ್ಲ. ನಗಬಾರದೆಂದು ಕಲಿಸಿದವನು ನಾನೇ. ಹೊತ್ತು ಇಳಿಯುತ್ತಿತ್ತು, ನನಗೆ ಅಳು ಬರುವುದೊಂದು ಬಾಕಿ.

ಮುತ್ಯಾ ತಿರುಗಿ ಬಂದರು. ಹಿಂದೆ ನೀಲಮ್ಮ ಪುಸ್ತಕ ಎದೆಗವಚಿಕೊಂಡು ಬರುತ್ತಿದ್ದಳು, ಕೈ ಇನ್ನೂ ಒದ್ದೆ. ಮುತ್ಯಾ ಅಂಗಳದ ಸ್ಥಿತಿ ನೋಡಿ, ನನ್ನ ಕೈಯಲ್ಲಿದ್ದ ಬೆತ್ತ ನೋಡಿ, "ಮಾಸ್ತರ್ರ, ನೀವು ಮನಿಗಿ ಹೋಗ್ರಿ" ಎಂದರು. ಅಪಮಾನ ಮಾಡುವ ದನಿಯಲ್ಲ. ಗಾಡಿಗೆ ಅಡ್ಡ ಬಂದ ಕಲ್ಲನ್ನು ಸರಿಸುವ ದನಿ. ಹೋದೆ.

ಗಿರಿಜಾ ಅಕ್ಕಿ ಆರಿಸುತ್ತ ಕೂತಿದ್ದಳು. ಇಷ್ಟು ಲಗೂ ಬಂದಿರಿ, ಕೆಲಸ ಇಲ್ಲೇನು ಎಂದು ಕೇಳಿದಳು. ಕೆಲಸದ ಮೇಲೆಯೇ ಬಂದಿದ್ದೇನೆ, ಇಲ್ಲಿ ಸುಮ್ಮನೆ ಕೂಡುವ ಕೆಲಸ ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿ ಚಹಾ ಇಟ್ಟಳು. ಕಪ್ಪು ಹಿಡಿದು ಕಿವಿಗೊಟ್ಟು ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಅಚ್ಚು ಕಿರುಗುಟ್ಟುವ ಸಪ್ಪಳ, ನಿಧಾನವಾಗಿ. ಆಮೇಲೆ ಬಿರುಸಾಗಿ. ಅದರ ಮೇಲೆ ಮಕ್ಕಳ ಕೇಕೆ. ಗಿರಿಜಾ ತಲೆಯೆತ್ತಿ, ಎಷ್ಟು ದಿನಕ್ಕ ಹುಡುಗ್ರ ದನಿ ಕೇಳಿಸಿತಲ್ರಿ ಎಂದಳು. ಚಹಾ ಆರಿತ್ತು, ಹಾಗೇ ಕುಡಿದೆ.

ಮುಸ್ಸಂಜೆಗೆ ತಡೆಯಲಾಗದೆ ಹೋದೆ, ಗೋಡೆಯ ಮರೆಯಿಂದ. ಕೋಣೆಯಲ್ಲಿ ದೀಪ ಹತ್ತಿತ್ತು, ಎಂದೂ ಇಲ್ಲದಷ್ಟು ಬೆಳ್ಳಗೆ. ಏಳನೆತ್ತೆಯವರು ಒಳಗೆ ಕೂತಿದ್ದರು. ನೀಲಮ್ಮ ಇರಲಿಲ್ಲ. ಅವಳು ಗಾಲಿಯ ಮೇಲಿದ್ದಳು. ಲಂಗ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಾಯಿ ತೆರೆದು ನಗುತ್ತ ತಿರುಗುತ್ತಿದ್ದಳು. ಸಣ್ಣವರೆಲ್ಲ ಸೇರಿ ಅವಳನ್ನು ನೂಕುತ್ತಿದ್ದರು. ಆ ಗಾಲಿ ಅವಳ ಮನೆಯದು, ಅದರ ಬೆಳಕಿನಲ್ಲಿ ಅವಳು ತಿಂಗಳುಗಟ್ಟಲೆ ಓದಿದ್ದಳು, ಆದರೆ ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಆದರೂ ಮಾಸ್ತರನ ನಾಲಿಗೆ ನೋಡಿ: ಬೆಳಗಾದರೆ ಪರೀಕ್ಷೆ, ಆಟ ಸಾಕು, ಒಳಗ ನಡಿ ಎನ್ನಲು ಮುಂದೆ ಹೆಜ್ಜೆ ಇಟ್ಟೇಬಿಟ್ಟೆ. ಮರದ ಬುಡದಲ್ಲಿ ಕೂತಿದ್ದ ಮುತ್ಯಾ ನನ್ನ ಕೈ ಹಿಡಿದು ಜಗ್ಗಿದರು.

"ಇರಲಿ ಬಿಡ್ರಿ" ಎಂದರು. "ಸೋಮವಾರ ಅದ."

ಅವರ ಕಣ್ಣು ಒದ್ದೆಯಾಗಿತ್ತು. ನಾನು ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅವಳೇ ಇಳಿದು, ತೂರಾಡುತ್ತ ಒಳಗೆ ಹೋಗಿ ಪುಸ್ತಕ ತೆರೆದಳು. ಆಳು, ದಿನ, ಹೊಲದ ಲೆಕ್ಕಗಳನ್ನೆಲ್ಲ ಬ್ಯಾಟರಿ ತೀರುವ ತನಕ ಮಾಡಿಸಿದೆ.

ಮರುದಿನ ಕರಜಗಿಯಲ್ಲಿ ಪರೀಕ್ಷೆ ಮುಗಿಸಿ ಹೊರಗೆ ಬಂದ ನೀಲಮ್ಮನ ಮೋರೆ ಸಪ್ಪಗಿತ್ತು. ಆ ಲೆಕ್ಕ ಬಂದಿತ್ತೇ ಎಂದು ಕೇಳಿದೆ. ಬಂದಿತ್ತು ಎಂದಳು. ಏನು ಮಾಡಿದೆ ಎಂದೆ. ಅವಳು ಗಾಡಿಯ ಹತ್ತಿರ ನಿಂತಿದ್ದ ಅಜ್ಜನಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ, "ಸೋಮವಾರನೂ ದುಡಿಸಿಬಿಟ್ಟೆರಿ ಸರ" ಎಂದಳು. ಆ ಆಳುಗಳ ಬಗ್ಗೆ ಅವಳಿಗೆ ನಿಜವಾಗಿಯೂ ಕೆಟ್ಟದೆನಿಸಿತ್ತು. ಪಾಸಾದಳು. ಮುತ್ಯಾ ಮಾತಿನಂತೆ ಹೈಸ್ಕೂಲಿಗೆ ಹಚ್ಚಿದರು, ಅಕ್ಕಲಕೋಟೆಗೆ ತಾವೇ ಹೋಗಿ ಮಗಳ ಕೈಲಿ ಬೈಸಿಕೊಂಡು ಬಂದರು. ಅದಕ್ಕಿಂತ ದೊಡ್ಡ ಸುದ್ದಿ ಎಂದರೆ, ಅಂದಿನಿಂದ ಸೋಮವಾರ ಎತ್ತಿನ ಮೈ ತಾವೇ ತೊಳೆಯತೊಡಗಿದರು.

ಮುಂದೆ ನನಗೆ ಜೇವರ್ಗಿ ತಾಲೂಕಿಗೆ ವರ್ಗವಾಯಿತು. ಗಾಲಿಯ ಸುದ್ದಿ ಹೇಗೋ ಅಲ್ಲಿಗೆ ನನಗಿಂತ ಮೊದಲು ಹೋಗಿತ್ತು. ಮಾಸ್ತರರ ಸಭೆಯಲ್ಲಿ ಆ ಯೋಜನೆಯನ್ನು ವಿವರಿಸಲು ಹೇಳಿದರು. ನಾನು ಠೀವಿಯಿಂದ ಎದ್ದು ಕರಿಹಲಗೆಯ ಮೇಲೆ ಚಿತ್ರ ಬರೆದೆ: ಗಾಲಿ, ಅದರ ಸುತ್ತ ಡೈನಮೊ, ತಂತಿ, ಬ್ಯಾಟರಿ, ಬಲ್ಬು, ಬಲ್ಬಿನ ಕೆಳಗೆ ಪುಸ್ತಕ ಹಿಡಿದ ಒಬ್ಬ ಹುಡುಗಿ. ಗಾಲಿಯ ಮೇಲೆ ಮಕ್ಕಳನ್ನೂ ಬರೆದೆ. ಎಲ್ಲರೂ ಮೆಚ್ಚಿದರು. ಆಗ ಹಿಂದಿನ ಸಾಲಿನಿಂದ ಒಬ್ಬ ಹೊಸ ಮಾಸ್ತರ ಎದ್ದು, ಭಕ್ತಿಯಿಂದಲೇ, "ಇದರಾಗ ಮಾಸ್ತರ ಎಲ್ಲಿ ನಿಂದರಬೇಕ್ರಿ ಸರ?" ಎಂದು ಕೇಳಿದ.

ಸೀಮೆಸುಣ್ಣ ಹಿಡಿದು ಚಿತ್ರದ ಕಡೆ ತಿರುಗಿದೆ. ಗಾಲಿಯ ಹತ್ತಿರ ಜಾಗವಿತ್ತು, ಮರದ ಕೆಳಗೂ ಇತ್ತು. ಕೊನೆಗೆ ಕರಿಹಲಗೆಯ ಆಚೆ ತುದಿಗೆ ನಡೆದುಹೋಗಿ, ಅಲ್ಲಿ ಮೂಲೆಯಲ್ಲಿ ಒಂದು ಸಣ್ಣ ಮನೆ ಬರೆದು, ಅದರ ಬಾಗಿಲು ಹಾಕಿದೆ.